14 ಸಾವಿರ ಕೊಟ್ಟು ಮಾನವ ಹಕ್ಕು ಓದಿದೆ, ಹೆಂಗಿತ್ತು ಅಂತ ಹೇಳ್ತೇನಿ ಕೇಳ್ರಿ

ಮೊದಲ ಹೇಳಿಬಿಡ್ತೇನಿ, ನಾ ವಕೀಲನೂ ಅಲ್ಲ, ಮಾಸ್ತರನೂ ಅಲ್ಲ. ಧಾರವಾಡದಾಗ ಕೋರ್ಟಿನ ಸನೇಕ ನಂದೊಂದು ಜೆರಾಕ್ಸ್ ಮತ್ತ ಟೈಪಿಂಗ್ ಅಂಗಡಿ ಐತಿ. ಅರ್ಜಿ, ಅಫಿಡವಿಟ್, ಬಾಡಿಗಿ ಕರಾರು, ಪಿಂಚಣಿ ಫಾರ್ಮು, ಹಿಂಗ ಮುಂಜಾನೆ ಹತ್ತರಿಂದ ಸಂಜಿ ಏಳರ ತನಕ ಬ್ಯಾರೆಯವರ ಕಷ್ಟಾನ ನುಡಿ ಸಾಫ್ಟ್‌ವೇರಿನ್ಯಾಗ ಟೈಪ್ ಮಾಡ್ಕೋತ ಕುಂತಿರ್ತೇನಿ. ಬಿಎ ಮುಗಿಸಿ ಹದಿನೇಳು ವರ್ಷ ಆದಮ್ಯಾಲೆ ಏನ್ ತಲಿಗೆ ಹೊಕ್ಕಿತೋ ಗೊತ್ತಿಲ್ಲ, ಮಾನವ ಹಕ್ಕುಗಳ ಪಿಜಿ ಡಿಪ್ಲೊಮಾಕ್ಕ ಹೆಸರು ಹಚ್ಚಿದೆ. ಮನ್ಯಾಗ ಹೇಳಿದ್ರ ನಮ್ಮ ಮನಿಯಾಕಿ, "ಮೊದ್ಲ ಮನ್ಯಾಗಿನ ಮಾನವರ ಹಕ್ಕು ನೋಡ್ರಿ, ಗ್ಯಾಸ್ ಮುಗದು ಎರಡು ದಿನ ಆತು" ಅಂದ್ಲು.

ಈಗ ಕೋರ್ಸ್ ಮುಗದೈತಿ. ಅಂಗಡಿಗೆ ಬರೂ ಲಾ ಕಾಲೇಜಿನ ಹುಡುಗ್ರು, ಸಾಲಿ ಮಾಸ್ತರು, ಸಂಘದ ಹೆಣ್ಮಕ್ಕಳು, ಎಲ್ಲಾರದೂ ಒಂದ ಪ್ರಶ್ನೆ, ಮಾಡಬೇಕೋ ಬ್ಯಾಡೋ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ಒಣಗೇತಿ, ಅದಕ್ಕ ಒಂದ ಸಲಾ ಬರದುಬಿಡ್ತೇನಿ. ಯುನಿವರ್ಸಿಟಿ ಯಾವದು, ಕಾಲೇಜು ಯಾವದು ಅಂತ ಕೇಳಬ್ಯಾಡ್ರಿ, ನನ್ನ ಮಾರ್ಕ್ಸ್ ಕಾರ್ಡ್ ಇನ್ನೂ ಅವರ ಕಡೆನ ಐತಿ.

ಲೆಕ್ಕ ಮೊದಲ. ಒಂದು ವರ್ಷ, ಎರಡು ಸೆಮಿಸ್ಟರ್, ಐದು ಪೇಪರ್, ಕಡೀಕ ಒಂದು ಡೆಸರ್ಟೇಶನ್, ಅಂದ್ರ ಸಣ್ಣ ಪ್ರಬಂಧ. ಯಾವ ಡಿಗ್ರಿ ಆಗಿದ್ರೂ ನಡೀತೈತಿ, ವಯಸ್ಸಿನ ಮಿತಿ ಇಲ್ಲ, ನಮ್ಮ ಬ್ಯಾಚಿನ್ಯಾಗ ಇಪ್ಪತ್ತೆರಡರ ಹುಡುಗಿಯಿಂದ ಹಿಡದು ರಿಟೈರ್ ಆದ ಪೋಸ್ಟ್ ಮಾಸ್ತರರ ತನಕ ಇದ್ರು. ಪ್ರವೇಶ ಫೀ, ಪರೀಕ್ಷಾ ಫೀ, ಪುಸ್ತಕ, ಆಮೇಲೆ 'ಇತರೆ' ಅಂತ ಒಂದು ಕಾಲಂ ಇರತೈತಲ್ರಿ, ಎಲ್ಲಾ ಕೂಡಿ 14,000ಕ್ಕ ಹೋಗಿ ನಿಂತು. ಕ್ಲಾಸು ರವಿವಾರ ಹತ್ತರಿಂದ ನಾಲ್ಕು, ಹುಬ್ಬಳ್ಳಿಯ ಒಂದು ಕಾಲೇಜಿನ್ಯಾಗ. ನಾ ಧಾರವಾಡದಿಂದ ಚಿಗರಿ ಬಸ್ ಹತ್ತಿ ಹೋಗ್ತಿದ್ದೆ, ಎಸಿ ಬಸ್ಸಿನ್ಯಾಗ ಕುಂತು ಉಣಕಲ್ ಕೆರಿ ಬರೂದ್ರಾಗ ಒಂದು ಚಾಪ್ಟರ್ ಓದಿ ಮುಗಸ್ಬೇಕು ಅಂತ ಪ್ಲ್ಯಾನು, ಖರೇ ಹೇಳ್ಬೇಕಂದ್ರ ಸತ್ತೂರು ಬರೂದ್ರಾಗ ನಿದ್ದಿ ಹತ್ತಿರ್ತಿತ್ತು.

ಪುಸ್ತಕಕ್ಕ ಐದಕ್ಕ ಎರಡು ಮಾರ್ಕ್ಸು. ಬರದಾವರು ಶಾಣ್ಯಾರ, ಅದರಾಗ ಎರಡು ಮಾತಿಲ್ಲ, ಆದ್ರ ಯಾರಿಗೆ ಬರೀಲಿಕ್ಕತ್ತೇವಿ ಅನ್ನೂದು ಮರತಾರ. 1215ರ ಮ್ಯಾಗ್ನಾ ಕಾರ್ಟಾಕ್ಕ, ಅಂದ್ರ ಇಂಗ್ಲೆಂಡಿನ ರಾಜಾನ ಕೈ ಕಟ್ಟಿದ ಹಕ್ಕುಪತ್ರಕ್ಕ, ಹನ್ನೊಂದು ಪುಟ, ಅದರ ಹಿಂದ ಫ್ರಾನ್ಸು, ಅಮೆರಿಕಾ, ಆಮೇಲೆ ಕಾರೆಲ್ ವಾಸಾಕ್ ಅನ್ನಾಂವ ಹೇಳಿದ ಹಕ್ಕುಗಳ ಮೂರು ತಲೆಮಾರು (ನಾಗರಿಕ-ರಾಜಕೀಯ, ಆರ್ಥಿಕ-ಸಾಮಾಜಿಕ, ಸಾಮೂಹಿಕ), ಇದೆಲ್ಲಾ ಇರಲಿ, ಬೇಕು. ಆದ್ರ 1980ರ ಜುಲೈ 21ಕ್ಕ ನಮ್ಮ ನರಗುಂದ-ನವಲಗುಂದದಾಗ ಮಲಪ್ರಭಾ ನೀರಿನ ಕರದ ಸಲುವಾಗಿ ರೈತರು ಎದ್ದು ಗೋಲಿಬಾರ್ ಆದದ್ದು ಒಂದು ಸಾಲೂ ಇಲ್ಲ. 2008ರ ಜೂನ್ 10ಕ್ಕ ಹಾವೇರಿಯೊಳಗ ಗೊಬ್ಬರಕ್ಕಂತ ಬೀದಿಗಿಳದ ರೈತರ ಮ್ಯಾಲೆ ಗುಂಡು ಹಾರಿದ್ದೂ ಇಲ್ಲ. ಹಾವೇರಿಯಿಂದ ಬರ್ತಿದ್ದ ಒಬ್ಬ ಹುಡುಗ ಪುಸ್ತಕ ಹಿಂದ ಮುಂದ ತಿರುವಿ ನೋಡಿ, "ಇಂಗ್ಲೆಂಡಿನ ರಾಜಾನ ಕೂಡ ಜಗಳಾಡಿದ್ರಷ್ಟ ಹಕ್ಕು ಅಂತಾರೇನ್ರಿ?" ಅಂದ.

ಹಳೇದೂ ಆಗೇತಿ ಪುಸ್ತಕ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕ ಅಧ್ಯಕ್ಷ ಆಗಾಕ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿನ ಆಗಿರ್ಬೇಕು, ಅವಧಿ ಐದು ವರ್ಷ, ಅಂತ ಛಾಪಾ ಹೊಡದಾರ. 2019ರ ತಿದ್ದುಪಡಿ ಆದಮ್ಯಾಲೆ ಸುಪ್ರೀಂ ಕೋರ್ಟಿನ ಯಾವ ನಿವೃತ್ತ ನ್ಯಾಯಮೂರ್ತಿ ಆದ್ರೂ ನಡೀತೈತಿ, ಅವಧಿ ಮೂರು ವರ್ಷಕ್ಕ ಇಳದೈತಿ. ಅರೆಸ್ಟಿನ ಚಾಪ್ಟರಿನ್ಯಾಗ ಇನ್ನೂ ಸಿಆರ್‌ಪಿಸಿ, ಅಂದ್ರ ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 50, 57 ಅಂತನ ಐತಿ, 2024ರ ಜುಲೈ 1ರಿಂದ ಅದರ ಜಾಗಾಕ್ಕ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದು ಅವು ಕಲಂ 47, 58 ಆಗ್ಯಾವು. ಕೋರ್ಟಿನ ಬಾಗಲದಾಗ ಕುಂತಾಂವ ನಾನು, ನನಗ ಗೊತ್ತಾಗತೈತಿ, ಉಳದವರು ಅದನ್ನ ಬಾಯಿಪಾಠ ಮಾಡಿ ಬರದು ಬಂದ್ರು. ತಿದ್ದಾವರೂ ಅದ ಪುಸ್ತಕ ಇಟಗೊಂಡ ತಿದ್ದಿರ್ತಾರ, ಹಿಂಗಾಗಿ ತಪ್ಪು ಬರದಾವರಿಗೆ ಪೂರ್ಣ ಮಾರ್ಕ್ಸು ಬಿದ್ದಿರಬೇಕು ಅಂತ ನನ್ನ ಡೌಟು.

ಕನ್ನಡ ಕೇಳಬ್ಯಾಡ್ರಿ. ಮೊದಲನೇ ಪೇಪರಿನ್ಯಾಗ 'ಅಪರಕೀಯಗೊಳಿಸಲಾಗದ ಹಕ್ಕುಗಳು' ಅಂತ ಒಂದು ಶಬ್ದ. ಇಡೀ ಕ್ಲಾಸು ಅದನ್ನ ಮೂರು ಸಲಾ ಓದಿತು, ಯಾರಿಗೂ ತಿಳೀಲಿಲ್ಲ. ಪೋಸ್ಟ್ ಮಾಸ್ತರರು ಪರಕೀಯರು ಅಂದ್ರ ಬ್ರಿಟಿಷರು, ಬ್ರಿಟಿಷರಿಗೆ ಕೊಡಬಾರದ ಹಕ್ಕು ಇರ್ಬೇಕು ಅಂದ್ರು. ಪಾಠ ಮಾಡ್ತಿದ್ದ ಮೇಡಂ ಅದನ್ನ ಬಿಡಿಸಿ ಹೇಳಿದ್ರು, ಮಾರಾಕ ಬರಂಗಿಲ್ಲ, ದಾನ ಕೊಡಾಕ ಬರಂಗಿಲ್ಲ, ನೀವ ಬರದುಕೊಟ್ರೂ ನಿಮ್ಮಿಂದ ಬಿಟ್ಟು ಹೋಗಂಗಿಲ್ಲ, ಅಂಥ ಹಕ್ಕು. ನನಗ ಫಕ್ ಅಂತ ತಲಿಗೆ ಬಂತು, ದಿನಾ ಖರೀದಿ ಪತ್ರದಾಗ ಟೈಪ್ ಮಾಡ್ತೇವಲ್ರಿ, 'ಸದರಿ ಆಸ್ತಿಯನ್ನು ಪರಭಾರೆ ಮಾಡುವ ಹಕ್ಕು' ಅಂತ. "ಪರಭಾರೆ ಮಾಡಾಕ ಬರಲಾರದ ಹಕ್ಕು ಅಂದ್ರ ಮುಗೀತಲ್ರಿ ಮೇಡಂ" ಅಂದೆ. ಅವರು ನಕ್ಕು ಬೋರ್ಡಿನ ಮ್ಯಾಲೆ ಅದನ್ನ ಬರದು, "ಪರೀಕ್ಷಾದಾಗೂ ಹಿಂಗ ಬರೀರಿ, ಯಾರು ಮಾರ್ಕ್ಸ್ ಕಟ್ ಮಾಡ್ತಾರ ನಾ ನೋಡ್ತೇನಿ" ಅಂದ್ರು. ಹದಿನೇಳು ವರ್ಷದ ಟೈಪಿಂಗ್ ಮೊದಲನೇ ಸಲಾ ಎಲ್ಲೋ ಉಪಯೋಗಕ್ಕ ಬಂತು ಅನಸ್ತು.

ಈ ಮೇಡಂ ಸಲುವಾಗಿನ ನಾ ಈ ರಿವ್ಯೂ ಬರಿಯಾಕ ಕುಂತೇನಿ. ಹೆಸರು ಬರಿಯಂಗಿಲ್ಲ, ಅವರಿಗೆ ಇಂಥಾದ್ದು ಸೇರಂಗಿಲ್ಲ. ಪ್ರ್ಯಾಕ್ಟೀಸ್ ಬಿಟ್ಟ ವಕೀಲರು, ಎರಡು ಪೇಪರ್ ಅವರದು. ಉಳದ ಮೂರಕ್ಕ ಬರ್ತಿದ್ದವರ ಬಗ್ಗೆ ಒಂದ ಸಾಲಿನ್ಯಾಗ ಮುಗಸ್ತೇನಿ, ಒಬ್ಬರು ಪಿಪಿಟಿ ಹಚ್ಚಿ ಅದರಾಗಿದ್ದದ್ದನ್ನ ಓದ್ತಿದ್ರು, ಇನ್ನೊಬ್ಬರು ಮಸ್ತ್ ಮಾತಾಡ್ತಿದ್ರು ಖರೆ ಆದ್ರ ಸಬ್ಜೆಕ್ಟಿಗೆ ಬರ್ತಿದ್ದಿಲ್ಲ, ಮೂರನೆಯವರು ಕಾಲೇಜಿಗೇ ಬರ್ತಿದ್ದಿಲ್ಲ.

ಮೇಡಂ ಮೊದಲನೇ ರವಿವಾರ ನೀವೆಲ್ಲಾ ಏನು ಕೆಲಸ ಮಾಡ್ತೀರಿ ಅಂತ ಕೇಳಿದ್ರು. ಅರ್ಜಿ ಟೈಪ್ ಮಾಡ್ತೇನಿ ಅಂದೆ. "ಹಂಗಾದ್ರ ಮುಂದಿನ ವಾರ ನೀವು ಟೈಪ್ ಮಾಡಿದ್ದು ಒಂದು ತಗೊಂಬರ್ರಿ, ಹೆಸರು ಅಳಿಸಿ" ಅಂದ್ರು. ನಾ ಹುಮ್ಮಸ್ಸಿಲೆ ಒಂದು ಚಲೋದು ಆರಿಸಿಕೊಂಡು ಹೋದೆ, ವಿಧವಾ ಪಿಂಚಣಿ ನಿಂತ ಒಬ್ಬ ಮುದುಕಿಯ ಅರ್ಜಿ. ಮಾನ್ಯ ಸಾಹೇಬರ ಸನ್ನಿಧಾನಕ್ಕೆ, ಬಡ ವಿಧವೆಯಾದ ನಾನು ತಮ್ಮಲ್ಲಿ ಅತ್ಯಂತ ದೈನ್ಯದಿಂದ ಬೇಡಿಕೊಳ್ಳುವುದೇನಂದರೆ, ನನಗೆ ಹಿಂದೆ ಮುಂದೆ ಯಾರೂ ಇರುವುದಿಲ್ಲ, ತಾವೇ ತಂದೆ ತಾಯಿ ಇದ್ದಂತೆ, ದೊಡ್ಡ ಮನಸ್ಸು ಮಾಡಿ ಕೃಪೆ ತೋರಬೇಕು, ಹಿಂಗ ಹೋಗತೈತಿ. ಇದು ನಮ್ಮ ಲೈನಿನ್ಯಾಗ ಪಾಸಾದ ಮಜಕೂರು, ನನ್ನ ಗುರು, ಅಂದ್ರ ನಾ ಮೊದಲ ಕೆಲಸಕ್ಕಿದ್ದ ಅಂಗಡಿ ಕಾಕಾ ಕಲಿಸಿದ್ದು. ಫೈಲ್ ಸೇವ್ ಮಾಡಿಟ್ಟಿರ್ತೇವಿ, ಹೆಸರು ಊರು ಬದಲಿ ಮಾಡೂದು, ಪ್ರಿಂಟ್ ಹೊಡೆಯೂದು.

ಮೇಡಂ ಕೆಂಪು ಪೆನ್ ತಗೊಂಡ್ರು. ಸನ್ನಿಧಾನ ಹೋತು. ದೈನ್ಯ ಹೋತು. ತಂದೆ ತಾಯಿ ಹೋದ್ರು. ಎಂಟು ಸಾಲಿನ್ಯಾಗ ಉಳದದ್ದು ಒಂದೂವರಿ ಸಾಲು, ಅದರಾಗೂ ತಾರೀಖಿಲ್ಲ. "ಈ ಅರ್ಜಿಯೊಳಗ ಪಿಂಚಣಿ ಯಾವ ತಿಂಗಳದಿಂದ ನಿಂತೈತಿ ಅಂತ ಎಲ್ಲೈತಿ?" ಇಲ್ಲ. "ಮಂಜೂರಾತಿ ಆದೇಶದ ನಂಬರ್?" ಇಲ್ಲ. "ಯಾಕ ನಿಲ್ಲಿಸಿದ್ರು ಅಂತ ಆಕಿಗೆ ನೋಟಿಸ್ ಕೊಟ್ಟಾರೇನು?" ನಾ ಕೇಳೇ ಇರ್ಲಿಲ್ಲ. "ನೀವು ಆಕಿ ಪರವಾಗಿ ಬಿಕ್ಷಾ ಬೇಡೀರಿ, ಅರ್ಜಿ ಬರದಿಲ್ಲ" ಅಂದ್ರು, ಸಿಟ್ಟಿಲೆ ಅಲ್ಲ, ಭಾಳ ಸಾವಕಾಶ ಅಂದ್ರು. ಕ್ಲಾಸಿನ್ಯಾಗ ಮೂವತ್ತು ಮಂದಿ ಮುಂದ ನನ್ನ ಮಾರಿ ಸಣ್ಣದಾತು. ನಾ ಬರದ ಅರ್ಜಿ ಎಷ್ಟು ಸಾವಿರ ಇರ್ಬಹುದು ಲೆಕ್ಕ ಹಾಕ್ರಿ.

ಅವತ್ತು ನಾಲ್ಕು ಸಾಲಿನ್ಯಾಗ ಹೊಸಾದು ಬರದ್ವಿ. ಇಂಥ ಆದೇಶದ ಪ್ರಕಾರ ಪಿಂಚಣಿ ಮಂಜೂರಾಗಿದೆ, ಇಂಥ ತಿಂಗಳವರೆಗೆ ಜಮಾ ಆಗಿದೆ, ನಂತರ ಯಾವ ಲಿಖಿತ ಕಾರಣ ತಿಳಿಸದೆ ನಿಂತಿದೆ, ಕಾರಣವನ್ನು ಲಿಖಿತವಾಗಿ ತಿಳಿಸಿ ಬಾಕಿ ಸಮೇತ ಪಾವತಿಸಬೇಕು. ಪಾಸ್‌ಬುಕ್ ಜೆರಾಕ್ಸ್ ಲಗತ್ತು. ಎರಡು ಪ್ರತಿ ಒಯ್ಯೂದು, ಒಂದರ ಮ್ಯಾಲೆ ಠಸ್ಸೆ ಮತ್ತ ಇನ್ವರ್ಡ್ ನಂಬರ್ ಹಾಕಿಸಿಕೊಂಡು ವಾಪಸ್ ತರೂದು, ಠಸ್ಸೆ ಇಲ್ಲದ ಅರ್ಜಿ ಅರ್ಜಿನ ಅಲ್ಲ.

ಇದನ್ನ ಆ ಮುದುಕಿಗೆ ಓದಿ ಹೇಳಿದ್ರ ಆಕಿ ಹೆದರಿದ್ಲು. "ಯಪ್ಪಾ, ಇಷ್ಟ ಬಿರುಸಲೆ ಬರದ್ರ ಸಾಹೇಬ್ರು ಸಿಟ್ಟಾಗಂಗಿಲ್ಲೇನು? ಒಂದ ಕಡೆರೆ ಕೈ ಮುಗೀತೇನಿ ಅಂತ ಹಾಕಪಾ." "ಇಲ್ಲ ಬಿಡ ಯವ್ವಾ, ಇದು ನಿನ್ನ ರೊಕ್ಕ, ಕೈ ಯಾಕ ಮುಗೀತಿ" ಅಂದೆ, ಆದ್ರ ಆಕಿ ಮಾರಿ ನೋಡಿ ಕಡೀಕ 'ವಂದನೆಗಳೊಂದಿಗೆ' ಅಂತ ಸೇರಿಸಿದೆ. ಎರಡು ತಿಂಗಳಿಗೆ ಪಿಂಚಣಿ ಚಾಲೂ ಆತು. ಅರ್ಜಿಯಿಂದ ಆತು ಅಂತ ನಾ ಎದಿ ತಟ್ಟಿ ಹೇಳಂಗಿಲ್ಲ, ಯಾಕಂದ್ರ ನಡಕ ಆಧಾರ್ ಜೋಡಣಿ ಆಗಿದ್ದು ಬ್ಯಾರೆ ಬ್ಯಾಂಕ್ ಖಾತೆಗೆ ಅಂತನೂ ಗೊತ್ತಾತು, ಅದನ್ನೂ ಸರಿ ಮಾಡಿಸಿದ್ವಿ. ಆದ್ರ ಕಾರಣ ಏನಂತ ಹಾಳಿ ಮ್ಯಾಲೆ ಉತ್ತರ ಬಂದಿದ್ದಕ್ಕನ ಅದು ಗೊತ್ತಾಗಿದ್ದು. ಮೊದಲ ನಾ ಬರದ ಎಂಟು ಸಾಲಿಗೆ ಉತ್ತರ ಬರೂ ಛಾನ್ಸೇ ಇರ್ಲಿಲ್ಲ, ಅದರಾಗ ಪ್ರಶ್ನೆನ ಇದ್ದಿಲ್ಲ.

ಈ ಅರ್ಜಿ ವಿಷಯ ಬಂದ ಮ್ಯಾಲೆ ಮೇಡಂ ಕೇಸುಗಳನ್ನ ಹೇಳೂ ಧಾಟಿನ ನನಗ ಹಿಡಸ್ತು. ಪುಸ್ತಕದಾಗ ಡಿ.ಕೆ. ಬಸು ಕೇಸು ಅಂದ್ರ ಅರೆಸ್ಟಿನ ಹನ್ನೊಂದು ನಿಯಮ, ಮುಗೀತು. ಇವರು ಅದು ಸುರು ಆಗಿದ್ದು ಎಲ್ಲಿಂದ ಅಂತ ಹೇಳಿದ್ರು. ಪಶ್ಚಿಮ ಬಂಗಾಳದಾಗ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಬಸು ಅವರು, ಪೊಲೀಸ್ ಕಸ್ಟಡಿಯೊಳಗ ಮಂದಿ ಸಾಯ್ತಾರಂತ ಪೇಪರಿನ್ಯಾಗ ಬಂದ ಸುದ್ದಿ ಹಚ್ಚಿ 1986ರ ಆಗಸ್ಟ್ 26ಕ್ಕ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರದ್ರು. ಬರೇ ಪತ್ರ. ಕೋರ್ಟು ಅದನ್ನ ರಿಟ್ ಅರ್ಜಿ ಅಂತ ತಗೊಂತು, 1996ರ ಡಿಸೆಂಬರ್ 18ಕ್ಕ ತೀರ್ಪು ಬಂತು. ಹಂಗ ಒಡಿಶಾದ ನೀಲಾಬತಿ ಬೆಹೆರಾ ಅನ್ನೂ ತಾಯಿ, 22 ವರ್ಷದ ಮಗನ್ನ ಪೊಲೀಸರು ಕರಕೊಂಡು ಹೋದ್ರು, ಮರುದಿನ ರೈಲ್ವೆ ಹಳಿ ಮ್ಯಾಲೆ ಹೆಣ ಸಿಕ್ತು, ಆಕಿ 1988ರಾಗ ಸುಪ್ರೀಂ ಕೋರ್ಟಿಗೆ ಪತ್ರ ಬರದ್ಲು, 1993ರಾಗ ಕೋರ್ಟು 1,50,000 ಪರಿಹಾರ ಕೊಡ್ರಿ ಅಂತು, ಹಕ್ಕು ಮುರದ್ರ ಸರಕಾರನ ರೊಕ್ಕ ಕೊಡಬೇಕು ಅನ್ನೂದು ಅಲ್ಲಿ ಗಟ್ಟಿಯಾತು. ತಿಹಾರ್ ಜೈಲಿನ್ಯಾಗಿದ್ದ ಸುನಿಲ್ ಬಾತ್ರಾ ತನ್ನ ಸಲುವಾಗಿ ಅಲ್ಲ, ಇನ್ನೊಬ್ಬ ಕೈದಿಗೆ ಕೊಟ್ಟ ಹಿಂಸಾ ನೋಡಿ ಪತ್ರ ಬರದಾಂವ. ನಾ ಇದನ್ನೆಲ್ಲಾ ಕೇಳ್ಕೋತ ಕುಂತು, ಇವರೆಲ್ಲಾ ನಮ್ಮ ಗಿರಾಕಿಗಳಲ್ಲೇನು ಅಂದ್ಕೊಂಡೆ. ಕಾನೂನು ಅಂದ್ರ ದಿಲ್ಲಿಯೊಳಗ ಮ್ಯಾಲಿಂದ ಬೀಳತೈತಿ ಅಂತಿದ್ದೆ, ಅರ್ಧಕ್ಕರ್ಧ ಯಾರೋ ಕೆಳಗ ಕುಂತು ಬರದ ಹಾಳಿ.

ಬಸು ಕೇಸಿನ ಹನ್ನೊಂದು ನಿಯಮಾನ ಕನ್ನಡದಾಗ ದೊಡ್ಡ ಅಕ್ಷರದಾಗ ಟೈಪ್ ಮಾಡಿ, ಲ್ಯಾಮಿನೇಶನ್ ಹೊಡದು ಅಂಗಡಿ ಗ್ವಾಡಿಗೆ ಹಚ್ಚಿದೆ. ಅರೆಸ್ಟ್ ಮೆಮೊ ಬರೀಬೇಕು, ಅದಕ್ಕ ಮನಿಯವರೋ ಊರಿನ ಒಬ್ಬ ಗಣ್ಯರೋ ಸಾಕ್ಷಿ ಸಹಿ ಹಾಕ್ಬೇಕು, ಸಂಬಂಧಿಕರಿಗೆ ತಿಳಿಸ್ಬೇಕು, 48 ತಾಸಿಗೊಮ್ಮೆ ಡಾಕ್ಟರ್ ತಪಾಸಣಿ, ಇಂಥಾವು. ಒಂದು ದಿನ ಒಬ್ಬ ಪೊಲೀಸಪ್ಪ ಆಧಾರ್ ಜೆರಾಕ್ಸಿಗೆ ಬಂದಾಂವ ನಿಂತು ಪೂರಾ ಓದಿದ. ನನಗ ಎದಿಯೊಳಗ ಡವಡವ. "ಇದನ್ನ ಯಾಕ ಹಚ್ಚೀರಿ?" ಅಂದ. "ಕೋರ್ಸಿನ್ಯಾಗ ಕಲಸ್ಯಾರ್ರಿ ಸರ" ಅಂದೆ. "ನನಗೊಂದು ಕಾಪಿ ತಗೀರಿ, ಇಲಾಖಾ ಪರೀಕ್ಷಾಕ್ಕ ಬೇಕು" ಅಂದ. ಎರಡು ರೂಪಾಯಿ ಕೊಟ್ಟು ಹೋದ.

ಇನ್ನ ನನ್ನ ತಲಿ ಕೆಡಸಿದ ಒಂದು ಶಬ್ದ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ, 1948ರ ಡಿಸೆಂಬರ್ 10, ಪ್ಯಾರಿಸ್, 30 ಅನುಚ್ಛೇದ, 48 ದೇಶ ಪರವಾಗಿ, 8 ದೇಶ ತಟಸ್ಥ, ವಿರುದ್ಧ ಸೊನ್ನೆ, ಇಷ್ಟು ಪರೀಕ್ಷಾಕ್ಕ ಬೇಕು. ಮೊದಲನೇ ಅನುಚ್ಛೇದದಾಗ 'ಎಲ್ಲಾ ಗಂಡಸರು' ಅನ್ನೂ ಅರ್ಥ ಬರೂವಂಗ ಇದ್ದ ಇಂಗ್ಲಿಷ್ ಮಾತನ್ನ 'ಎಲ್ಲಾ ಮಾನವರು' ಅಂತ ಮಾಡಿಸಿದಾಕಿ ನಮ್ಮ ದೇಶದ ಪ್ರತಿನಿಧಿ ಹಂಸಾ ಮೆಹ್ತಾ, ಇದನ್ನ ಕೇಳಿ ನಮ್ಮ ಕ್ಲಾಸಿನ ಅಕ್ಕಾರೆಲ್ಲಾ ಚಪ್ಪಾಳಿ ಹೊಡದ್ರು. ಅದರ ಕನ್ನಡ ಅನುವಾದ ವಿಶ್ವಸಂಸ್ಥೆಯವರ ಕಡೆನ ಐತಿ, ಮೇಡಂ ಅದನ್ನ ಪ್ರಿಂಟ್ ತಗದು ಹಂಚಿದ್ರು. 'ಎಲ್ಲಾ ಮಾನವರೂ ಸ್ವತಂತ್ರರಾಗಿಯೇ ಜನಿಸಿದ್ದಾರೆ. ಹಾಗೂ ಘನತೆ ಮತ್ತು ಅಧಿಕಾರಗಳಲ್ಲಿ ಸಮಾನರಾಗಿದ್ದಾರೆ.' ಇದರಾಗ ಏನು ತಪ್ಪೈತಿ ಹುಡುಕ್ರಿ ಅಂದ್ರು. ಹತ್ತು ಮಿನಿಟ್ ಯಾರಿಗೂ ಸಿಗಲಿಲ್ಲ, ಆಮೇಲೆ ಆ ಇಪ್ಪತ್ತೆರಡರ ಹುಡುಗಿ ಹಿಡದ್ಲು, "ಹಕ್ಕು ಅಂತ ಇಲ್ಲ ಮೇಡಂ, ಅಧಿಕಾರ ಅಂತೈತಿ." ಹಿಂದಿಯೊಳಗ ಅಧಿಕಾರ ಅಂದ್ರ ಹಕ್ಕು, ಸರಿ. ನಮ್ಮ ಕಡೆ ಅಧಿಕಾರ ಅಂದ್ರ ಖುರ್ಚಿ. ಅಧಿಕಾರ ಇದ್ದಾಂವ ಸಾಹೇಬ, ಹಕ್ಕು ಇದ್ದಾಂವ ಕೌಂಟರಿನ ಈ ಕಡೆ ನಿಂತಾಂವ. ಅಧಿಕಾರದಾಗ ಎಲ್ಲಾರೂ ಸಮಾನರು ಅಂತ ನಾ ಯಾವ ಆಫೀಸಿನ್ಯಾಗೂ ಕಂಡಿಲ್ಲಪಾ. ಒಂದು ತಾಸು ಇದರ ಮ್ಯಾಲೆ ಚರ್ಚಾ ನಡೀತು, ಚಾ ಬ್ರೇಕ್ ಸುದ್ದಾ ಮರತ್ವಿ. ಇಂಥ ತಾಸು ವರ್ಷದಾಗ ಒಂದು ಹತ್ತು ಸಿಕ್ಕಿರ್ಬಹುದು. 14,000 ಭಾಗಿಲೇ 10, ತಾಸಿಗೆ 1,400. ತುಟ್ಟಿ ಆತು ಅಂತೀರಿ? ನನಗ ಹಂಗನಸಲಿಲ್ಲ.

ಮೇಡಂ ಕ್ಲಾಸಿನ ಇನ್ನೊಂದು ಮಾತು ನೆನಪೈತಿ. ನಮ್ಮ ಭಾಗದಾಗ ಯಾರರೆ ಸ್ವಲ್ಪ ಬ್ಯಾರೆ ಥರಾ ಮಾತಾಡಿದ್ರ 'ಧಾರವಾಡಕ್ಕ ಕಳಸ್ಬೇಕು' ಅಂತೇವಲ್ರಿ, ಹುಚ್ಚರ ದವಾಖಾನಿ ಅರ್ಥದಾಗ. ಧಾರವಾಡದವರಾದ ನಾವ ಅಂತೇವಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪಾಠ ಇತ್ತು ಅವತ್ತು, ಮುಂದ ತನಗ ಯಾವ ಥರ ಚಿಕಿತ್ಸಾ ಬೇಕು ಯಾವದು ಬ್ಯಾಡ ಅಂತ ಮೊದಲ ಬರದಿಡಾಕ ಅದರಾಗ ಅವಕಾಶ ಐತಿ, ಸರಪಳಿ ಹಾಕಿ ಕಟ್ಟೂದು ಅಪರಾಧ. ಒಂದು ರೆಸೊಲ್ಯೂಶನ್ ಪಾಸ್ ಮಾಡಿದ್ವಿ ನಾವು, ಕ್ಲಾಸಿನ್ಯಾಗ ಆ ಜೋಕು ಬಂದ್. ನಾಲ್ಕು ವಾರ ನಡೀತು, ಆಮೇಲೆ ಪೋಸ್ಟ್ ಮಾಸ್ತರರ ಬಾಯಿತಪ್ಪಿ ಬಂತು.

ಈಗ ಸೆಂಟರಿನ ಕತಿ. ಕ್ಲಾಸು ಎರಡನೇ ಮಾಳಿಗಿ ಮ್ಯಾಲೆ, ಲಿಫ್ಟ್ ಇಲ್ಲ, ರ‍್ಯಾಂಪ್ ಕೆಳಗಿನ ವರಾಂಡಾದ ತನಕ ಐತಿ ಅದರ ಮ್ಯಾಲೆ ಬೈಕ್ ನಿಂದ್ರಸ್ಯಾರ. ನಮ್ಮ ಬ್ಯಾಚಿನ್ಯಾಗ ಒಬ್ಬ ಅಣ್ಣ, ಪೋಲಿಯೊದಿಂದ ಎರಡೂ ಕಾಲು ಹೋಗ್ಯಾವು, ಮೂರು ಗಾಲಿ ಗಾಡಿ ಮ್ಯಾಲೆ ಬರ್ತಿದ್ದ. ಪ್ರತಿ ರವಿವಾರ ನಾಲ್ಕು ಮಂದಿ ಅವನ್ನ ಖುರ್ಚಿ ಸಮೇತ ಹೊತ್ಕೊಂಡು ಹೋಗ್ತಿದ್ವಿ, ನಮಗ ಅದು ಪುಣ್ಯದ ಕೆಲಸ ಅನಸ್ತಿತ್ತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪಾಠ ಬಂತು, 7 ಇದ್ದದ್ದು 21 ಥರದ ಅಂಗವಿಕಲತೆ ಆದದ್ದು, ಇದ್ದ ಸಾರ್ವಜನಿಕ ಕಟ್ಟಡಗಳನ್ನ ಐದು ವರ್ಷದಾಗ ಎಲ್ಲಾರೂ ಬರೂವಂಗ ಮಾಡಬೇಕು ಅನ್ನೂದು, ಅವತ್ತು ಅಂವ ಎದ್ದ, ಅಂದ್ರ ಕುಂತಲ್ಲೇ ಕೈ ಎತ್ತಿದ, "ಹೆಣಾ ಹೊತ್ತಂಗ ನನ್ನ ಹೊತ್ಕೊಂಬಂದು ಇಲ್ಲಿ ಈ ಪಾಠ ಹೇಳಾಕತ್ತೀರಿ, ನನಗ ನಾಚಿಕಿ ಆಗತೈತ್ರಿ" ಅಂದ. ಯಾರೂ ಮಾತಾಡಲಿಲ್ಲ. ಹೊತ್ತಾವರೊಳಗ ನಾನೂ ಒಬ್ಬ.

ಅದನ್ನ ಇಂಟರ್ನಲ್ ಅಸೈನ್‌ಮೆಂಟ್ ಮಾಡಿದ್ರು ಮೇಡಂ. ಎಲ್ಲಾರೂ ಒಂದೊಂದು ಅರ್ಜಿ ಬರೀರಿ, ಚಲೋದನ್ನ ಖರೇನ ಕೊಡೂಣು. ನಂದು ಆರಿಸಿದ್ರು, 20ಕ್ಕ 16, ನಾಲ್ಕು ಕಟ್ ಯಾಕಂದ್ರ ಹಳೇ ಚಟ, ಒಂದು ಕಡೆ 'ದಯಮಾಡಿ' ಉಳದಿತ್ತು. ಆಫೀಸಿನ್ಯಾಗ ಮೊದಲ ತಗೊಳ್ಳಿಲ್ಲ, ರವಿವಾರ ಇನ್ವರ್ಡ್ ಇಲ್ಲ ಅಂದ್ರು, ಸೋಮವಾರ ನಾ ಅಂಗಡಿ ಬಿಟ್ಟು ಹೋಗಿ ಠಸ್ಸೆ ಹಾಕಿಸಿಕೊಂಡು ಬಂದೆ. ಮೂರು ವಾರಕ್ಕ ಕ್ಲಾಸು ಕೆಳಗ ಬಂತು, ಒಂದು ಹಳೇ ಲ್ಯಾಬಿಗೆ, ಆಸಿಡ್ ವಾಸನಿ, ಒಂದ ಫ್ಯಾನು. ಆ ಅಣ್ಣ ತನ್ನ ಗಾಡಿ ತಾನ ತಳ್ಕೋತ ಒಳಗ ಬಂದ. ಪರೀಕ್ಷಾ ಬಂದಾಗ ಮತ್ತ ಸೀಟಿಂಗ್ ಪ್ಲ್ಯಾನಿನ್ಯಾಗ ಅವನ ನಂಬರ್ ಎರಡನೇ ಮಾಳಿಗಿ. ಮತ್ತ ಹೊತ್ವಿ. ಆಡಳಿತಕ್ಕ ನಾ ಕೊಡೂದು ಐದಕ್ಕ ಅರ್ಧ, ಆ ಅರ್ಧಾನೂ ಲ್ಯಾಬಿನ ಸಲುವಾಗಿ.

ಡಿಸೆಂಬರ್ 10ರ ಕಾರ್ಯಕ್ರಮದ ಬಗ್ಗೆ ಏನು ಹೇಳ್ಲಿ. ಮುಖ್ಯ ಅತಿಥಿ ಬರೂತನಕ ನಾವು ಗೇಟಿನ್ಯಾಗ ಬಿಸಲಾಗ ಒಂದು ತಾಸು ಸಾಲು ನಿಂತಿದ್ವಿ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ವಾಗತ, ಪರಿಚಯ, ವಂದನಾರ್ಪಣೆ, ನಡಕ ಹಕ್ಕಿನ ಬಗ್ಗೆ ಹದಿನೈದು ಮಿನಿಟ್. ಉಪ್ಪಿಟ್ಟು ಚಲೋ ಇತ್ತು.

ಡೆಸರ್ಟೇಶನ್ನು. ಇದರಾಗ ನಾ ಸ್ವಲ್ಪ ಸುಮ್ನಿರ್ಬೇಕು, ಯಾಕಂದ್ರ ನಮ್ಮ ಧಂದೆಯಾಗಿನ ಗುಟ್ಟು. ವರ್ಷಾ ಮೇ ತಿಂಗಳಿಗೆ ಅಂಗಡಿಗೆ ಪೆನ್‌ಡ್ರೈವ್ ಬರ್ತಾವು, ಒಂದ ಫೈಲು, ಒಂದ ತಪ್ಪು, ಬರೇ ಕವರ್ ಪೇಜಿನ ಹೆಸರು ಬ್ಯಾರೆ. ಸ್ಪೈರಲ್ ಬೈಂಡಿಂಗ್ ನಾವ ಮಾಡ್ತೇವಿ. ಈ ಕೋರ್ಸಿನ್ಯಾಗೂ ಹಂಗ ನಡೀತೈತಿ, ಯಾರೂ ತಗದು ಓದಂಗಿಲ್ಲ. ನೀವು ಖರೇ ಕೆಲಸ ಮಾಡಿದ್ರ ಅದು ನಿಮಗಷ್ಟ. ನಾ ನನ್ನ ಅಂಗಡಿಗೆ ಬರೂ ಅರ್ಜಿಗಳ ಮ್ಯಾಲೆನ ಬರದೆ, ಮಂದಿ ಏನು ಕೇಳ್ತಾರ, ಯಾವ ಶಬ್ದದಾಗ ಕೇಳ್ತಾರ. ವೈವಾದಾಗ ಹೊರಗಿನಿಂದ ಬಂದಾವರು ಪುಟ ತಿರುವದ ಕೇಳಿದ ಒಂದ ಪ್ರಶ್ನೆ, "ಟೈಪಿಂಗ್ ಚಲೋ ಆಗೇತಿ, ಎಲ್ಲಿ ಮಾಡಿಸಿದ್ರಿ?"

ನೌಕರಿ ಸಿಗತೈತೇನು ಅಂತ ಕೇಳಾವರಿಗೆ ನೇರ ಉತ್ತರ, ಇಲ್ಲ. ಕಾಲೇಜಿನ್ಯಾಗ ಪಾಠ ಮಾಡಾಕ ಬರಿಯೂ ಯುಜಿಸಿ ನೆಟ್ ಪರೀಕ್ಷಾದಾಗ 'ಮಾನವ ಹಕ್ಕುಗಳು ಮತ್ತು ಕರ್ತವ್ಯಗಳು' ಅಂತ ಒಂದು ಸಬ್ಜೆಕ್ಟ್ ಐತಿ ಖರೆ, ಆದ್ರ ಅದನ್ನ ಬರಿಯಾಕ ಈ ಡಿಪ್ಲೊಮಾ ಒಂದರ ಮ್ಯಾಲೆ ಆಗಂಗಿಲ್ಲ. ದಿಲ್ಲಿಯ ರಾಷ್ಟ್ರೀಯ ಆಯೋಗದವರು ಇಂಟರ್ನ್‌ಶಿಪ್ ಕೊಡ್ತಾರ, ಸಣ್ಣ ವಯಸ್ಸಿನಾವರು ನೋಡ್ಕೊರಿ. ಎನ್‌ಜಿಒದಾಗ ಇದ್ದಾವರಿಗೆ, ಪತ್ರಿಕಾದಾಗ ಇದ್ದಾವರಿಗೆ, ಪಂಚಾಯ್ತಿ ಮೆಂಬರ್ ಆದಾವರಿಗೆ ಉಪಯೋಗ. ಇಂಗ್ಲಿಷ್ ನೀಟ್ ಇದ್ದಾವರು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ದೂರಶಿಕ್ಷಣದ ಡಿಪ್ಲೊಮಾ ವಿಚಾರಿಸ್ರಿ, ಬರೇ ರುಚಿ ನೋಡಬೇಕು ಅನ್ನಾವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಆರು ತಿಂಗಳ ಸರ್ಟಿಫಿಕೇಟ್ ಐತಿ. ಪ್ರಮೋಶನ್ನಿಗೆ ಒಂದು ಸರ್ಟಿಫಿಕೇಟ್ ಇರಲಿ ಅಂತ ಬರಾವರು ದಯವಿಟ್ಟು ಬರಬ್ಯಾಡ್ರಿ, ಮೇಡಂ ಕ್ಲಾಸಿನ್ಯಾಗ ಹಿಂದಿನ ಬೆಂಚಿನ ಮ್ಯಾಲೆ ಮೊಬೈಲ್ ನೋಡಾವರು ನಮ್ಮ ಬ್ಯಾಚಿನ್ಯಾಗೇ ಸಾಕಷ್ಟಿದ್ರು.

ಫುಕಟ್ ಒಂದೆರಡು ಮಾತು ಕೊಟ್ಟುಬಿಡ್ತೇನಿ, ಅದಕ್ಕ 14,000 ಬ್ಯಾಡ. ಮಾನವ ಹಕ್ಕುಗಳ ಆಯೋಗಕ್ಕ ದೂರು ಕೊಡಾಕ ಫೀ ಇಲ್ಲ, ದಿಲ್ಲಿಗೂ ಕನ್ನಡದಾಗ ಬರದು ಕಳಸಬಹುದು, ಆದ್ರ ಘಟನಾ ನಡದು ಒಂದು ವರ್ಷದ ಒಳಗ ಕೊಡಬೇಕು, ಅದರ ಮ್ಯಾಲೆ ಆದ್ರ ತಗೊಳ್ಳಂಗಿಲ್ಲ. ಆಯೋಗ ಶಿಫಾರಸು ಮಾಡತೈತಿ, ಹುಕುಂ ಮಾಡಂಗಿಲ್ಲ, ಅದನ್ನ ತಿಳ್ಕೊಂಡ ಹೋಗ್ರಿ, ಇಲ್ಲಾಂದ್ರ ಆಮೇಲೆ ಬೈತೀರಿ. ಠಾಣೆಯೊಳಗ ಫಿರ್ಯಾದಿ ತಗೊಳ್ಳಿಲ್ಲಂದ್ರ ಅದನ್ನ ಬರದು ಎಸ್‌ಪಿಗೆ ಪೋಸ್ಟಿನ್ಯಾಗ ಕಳಿಸ್ರಿ, ಬಿಎನ್‌ಎಸ್‌ಎಸ್ 173ರಾಗ ಅದಕ್ಕ ದಾರಿ ಐತಿ. ಮತ್ತ ಠಸ್ಸೆ, ಠಸ್ಸೆ ಮರೀಬ್ಯಾಡ್ರಿ.

ಒಟ್ಟ ನನ್ನ ಕಡೆಯಿಂದ ಐದಕ್ಕ ಮೂರೂವರಿ. ಅದರಾಗ ಮೂರು ಮೇಡಂ ಅವರದು. ಅವರು ಮುಂದಿನ ವರ್ಷ ಇರ್ತಾರಂತ ಖಾತ್ರಿ ಮಾಡ್ಕೊಂಡ ಫೀ ತುಂಬ್ರಿ.

ಮಾರ್ಕ್ಸ್ ಕಾರ್ಡ್ ಕೇಳಾಕ ಏಳು ತಿಂಗಳದಾಗ ಐದು ಸಲಾ ಹೋದೆ. ಮೊದಲನೇ ಸಲಾ ಪ್ರಿಂಟರ್ ಕೆಟ್ಟಿತ್ತು, ಎರಡನೇ ಸಲಾ ಕೇಸ್ ವರ್ಕರ್ ರಜಾ, ಐದನೇ ಸಲಾ "ಮಾನವ ಹಕ್ಕು ಓದಿದಾವರಿಗೆ ತಾಳ್ಮಿ ಇರಬೇಕಲ್ರಿ" ಅಂದ್ರು. ಮನಿಗೆ ಬಂದು ಮಾಹಿತಿ ಹಕ್ಕಿನ್ಯಾಗ ಒಂದು ಅರ್ಜಿ ಟೈಪ್ ಮಾಡಿದೆ, 150 ಶಬ್ದದ ಒಳಗ, ಒಂದ ವಿಷಯ, ನನ್ನ ಮಾರ್ಕ್ಸ್ ಕಾರ್ಡ್ ಫೈಲು ಈಗ ಯಾರ ಟೇಬಲ್ ಮ್ಯಾಲೆ ಎಷ್ಟು ದಿನದಿಂದ ಐತಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ರಜಿಸ್ಟರ್ ಪೋಸ್ಟ್ ಮಾಡಿದೆ, ನಮ್ಮ ಪೋಸ್ಟ್ ಮಾಸ್ತರರು ಅಡ್ರೆಸ್ ಚೆಕ್ ಮಾಡಿ ಕೊಟ್ರು. ಇವತ್ತಿಗೆ 22 ದಿನ. ಉತ್ತರಕ್ಕ ಇರೂ ಗಡುವು 30 ದಿನ, ಅದು ಮುಗದ ಮರುದಿನ ಹಾಕೂ ಮೊದಲನೇ ಮೇಲ್ಮನವಿ ಈಗಾಗಲೇ ಟೈಪ್ ಆಗೇತಿ, ತಾರೀಖಷ್ಟ ಹಾಕೂದು ಬಾಕಿ. ಅದರಾಗ ಒಂದೂ 'ದಯಮಾಡಿ' ಇಲ್ಲ, ಎರಡು ಸಲಾ ಹುಡುಕೇನಿ.